ಕೆಸರಿಗೆ ಕಿವಿಗೊಟ್ಟ ಎಲೆಕ್ಟ್ರಿಕಲ್ ಮೇಷ್ಟ್ರು

ಹಾಲಿನ ಹನಿ ಬಿದ್ದಾಗ ಏಳುವ ಕಿರೀಟ, ಸೇಬನ್ನು ಸೀಳಿಕೊಂಡು ಹೊರಬರುವ ಗುಂಡು. ಈ ಫೋಟೋಗಳನ್ನ ನೀವು ಎಲ್ಲಾದರೂ ನೋಡೇ ಇರ್ತೀರಿ. ತೆಗೆದವರು ಎಂಐಟಿಯ ಎಲೆಕ್ಟ್ರಿಕಲ್ ಪ್ರೊಫೆಸರ್ ಹೆರಾಲ್ಡ್ ಎಜರ್ಟನ್. ಮುಳುಗಿದ ಹಡಗು ಹುಡುಕುವವರಿಗೆ ಮಾತ್ರ ಇವರು ಬೇರೆಯದೇ ಕಾರಣಕ್ಕೆ ಬೇಕಾದವರು.

ಹುಟ್ಟಿದ್ದು 1903ರಲ್ಲಿ, ಅಮೆರಿಕದ ನೆಬ್ರಾಸ್ಕಾದಲ್ಲಿ. ಎತ್ತ ಹೋದರೂ ಸಮುದ್ರ ಸಿಗದ ಸೀಮೆ. ಎಂಐಟಿಯಲ್ಲಿ ಸಿಂಕ್ರೊನಸ್ ಮೋಟರ್ ಮೇಲೆ ಸಂಶೋಧನೆ ಮಾಡುವಾಗ, ತಿರುಗುವ ರೋಟರನ್ನು ನಿಂತಂತೆ ನೋಡಲು ಸ್ಟ್ರೋಬ್ ಬೆಳಕು ಬಳಸಿದರು. ಆ ಬೆಳಕೇ ಹೆಸರು ತಂದುಕೊಟ್ಟಿತು. 1953ರಿಂದ ಫ್ರಾನ್ಸಿನ ಸಾಗರ ಅನ್ವೇಷಕ ಕೂಸ್ಟೋ ಜೊತೆ ಕೆಲಸ ಶುರು. ಹಡಗಿನವರು ಇಟ್ಟ ಅಡ್ಡಹೆಸರು ಪಾಪಾ ಫ್ಲ್ಯಾಶ್.

ಆಳಕ್ಕೆ ಕ್ಯಾಮೆರಾ ಇಳಿಸೋದೇನೋ ಸರಿ, ಅದು ತಳದಿಂದ ಎಷ್ಟು ಮೇಲಿದೆ ಅಂತ ತಿಳಿಯೋದು ಹೇಗೆ? ಎಜರ್ಟನ್ ಕ್ಯಾಮೆರಾಗೆ ಒಂದು ಪಿಂಗರ್ ಕಟ್ಟಿದರು. ಅದರ ಸದ್ದು ಒಮ್ಮೆ ನೇರವಾಗಿ, ಇನ್ನೊಮ್ಮೆ ತಳಕ್ಕೆ ಬಡಿದು ಹಡಗಿಗೆ ಬರುತ್ತೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಎರಡು ಸದ್ದಿನ ನಡುವಿನ ಅಂತರದಿಂದ ಎತ್ತರ ಲೆಕ್ಕ ಹಾಕಬಹುದು. ಆದರೆ ತಳದ ಪ್ರತಿಧ್ವನಿಯ ಹಿಂದೆಯೇ ಇನ್ನೂ ಕೆಲವು ಬರ್ತಿದ್ದವು. ಬೇರೆಯವರಾಗಿದ್ದರೆ ನಾಯ್ಸ್ ಅಂತ ಫಿಲ್ಟರ್ ಹಾಕಿಬಿಡ್ತಿದ್ದರೇನೋ (ನಾವಂತೂ ಲ್ಯಾಬ್ ರೆಕಾರ್ಡಿನಲ್ಲಿ ಅದನ್ನೇ ಮಾಡೋದು). ಎಜರ್ಟನ್ ಗಮನಿಸಿದರು: ಅವು ಕೆಸರಿನ ಒಳಗಿನ ಪದರಗಳಿಂದ ಬರುತ್ತಿದ್ದವು. ಆವರ್ತನ ತಗ್ಗಿಸಿದರೆ ಸದ್ದು ಇನ್ನೂ ಆಳಕ್ಕೆ ಇಳಿಯುತ್ತೆ. ಅದೇ ಸದ್ದನ್ನು ಪಕ್ಕಕ್ಕೆ ತಿರುಗಿಸಿದರೆ ತಳದ ಮೇಲೆ ಎದ್ದು ನಿಂತ ವಸ್ತುಗಳು ನೆರಳಿನ ಸಮೇತ ಕಾಣುತ್ತವೆ. ಸೈಡ್ ಸ್ಕ್ಯಾನ್ ಸೋನಾರ್ ಅಂದರೆ ಇದೇ.

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮೇರಿ ರೋಸ್ ಹಡಗು 1545ರಲ್ಲಿ ಸೋಲೆಂಟ್ ಜಲಸಂಧಿಯಲ್ಲಿ ಮುಳುಗಿತ್ತು. ಅಲೆಕ್ಸಾಂಡರ್ ಮೆಕ್ಕೀ ಮತ್ತು ಅವರ ಮುಳುಗುಗಾರ ಗೆಳೆಯರು ಹುಡುಕುತ್ತಿದ್ದರು. ಅಲ್ಲಿನ ಮಬ್ಬು ನೀರಿನಲ್ಲಿ ಕಣ್ಣನ್ನು ನಂಬುವ ಹಾಗಿರಲಿಲ್ಲ. 1967ರಲ್ಲಿ ಎಜರ್ಟನ್ ಸೋನಾರ್ ತಂದು ನೋಡಿದಾಗ, ಕೆಸರಿನಡಿ ಏನೋ ದೊಡ್ಡದು ಹೂತಿರುವ ಸುಳಿವು ಸಿಕ್ಕಿತು. 1971ರಲ್ಲಿ ಹಡಗಿನ ಮರ ಕಣ್ಣಿಗೆ ಬಿತ್ತು, 1982ರಲ್ಲಿ ಹಡಗೇ ಮೇಲೆ ಬಂತು. ಈ ನಡುವೆ, 1973ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಹಡಗು ಮಾನಿಟರ್ ಕೂಡ ಹ್ಯಾಟರಸ್ ಭೂಶಿರದ ಬಳಿ ಸಿಕ್ಕಿತ್ತು. ಆ ತಂಡದಲ್ಲೂ ಎಜರ್ಟನ್ ಇದ್ದರು.

ಎಲ್ಲ ಕಡೆ ಗೆದ್ದರು ಅಂತಲ್ಲ. ಕ್ರಿ.ಪೂ. 373ರ ಭೂಕಂಪದಲ್ಲಿ ಸಮುದ್ರ ನುಂಗಿತೆಂದು ಹಳಬರು ಬರೆದಿಟ್ಟ ಗ್ರೀಸಿನ ಹೆಲಿಕೆ ನಗರವನ್ನು 1960ರ ದಶಕದಲ್ಲಿ ಕೊರಿಂತ್ ಕೊಲ್ಲಿಯಲ್ಲಿ ಹುಡುಕಿದರು. ಸಿಗಲಿಲ್ಲ. 1990ರಲ್ಲಿ, 86ನೇ ವಯಸ್ಸಿನಲ್ಲಿ, ಎಂಐಟಿಯ ಫ್ಯಾಕಲ್ಟಿ ಕ್ಲಬ್ಬಿನಲ್ಲಿ ಊಟಕ್ಕೆ ಕೂತಾಗ ತೀರಿಕೊಂಡರು. ಹೆಲಿಕೆಯ ಅವಶೇಷ ಸಿಕ್ಕಿದ್ದು 2001ರಲ್ಲಿ. ಕೊಲ್ಲಿಯಲ್ಲಲ್ಲ, ದಡದ ಈಚೆ, ಒಣನೆಲದ ಮಣ್ಣಿನಡಿ.