ಮನೆಮಾತನ್ನು ಬಿಡದ ಜಯದೇವಿತಾಯಿ ಲಿಗಾಡೆ

ಆಳಂದದಿಂದ ಅಕ್ಕಲಕೋಟೆಯ ಮಾರ್ಗವಾಗಿ ಪಶ್ಚಿಮಕ್ಕೆ ಸಾಗಿದರೆ ಸೊಲ್ಲಾಪುರ ದೂರವೇನಲ್ಲ. ಅಫಜಲಪುರದ ಕಡೆಯವರಿಗೂ ಆ ನಗರದ ಒಡನಾಟ ಹಳೆಯದು. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಆ ಊರಿನಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರ ಜೀವನವನ್ನು ಈ ವಾರ ನೆನೆಯಬಯಸುತ್ತೇವೆ. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ, ಶರಣ ಪರಂಪರೆಯ ಶ್ರದ್ಧಾವಂತ ವೀರಶೈವ ಮಹಿಳೆ. ಆದರೂ ನಮ್ಮ ಕುಟುಂಬಗಳಲ್ಲಿ ಅವರ ಕಥೆ ತಿಳಿದಿರಬೇಕೆಂದು ನಮಗೆ ತೋರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ನೆಲಸಿರುವ ನಮ್ಮವರ ಮನೆಗಳಲ್ಲಿ ಕೊಂಕಣಿ ಉಂಟು, ತೆಲುಗು ಉಂಟು, ತಮಿಳೂ ಉಂಟು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಮತ್ತೊಂದು ಭಾಷೆ ಎಂಬ ತೊಡಕನ್ನು ನಮ್ಮ ಮಕ್ಕಳು ಚೆನ್ನಾಗಿ ಬಲ್ಲರು.

ಜಯದೇವಿಯವರದು ಅನುಕೂಲಸ್ಥ ಮನೆತನ. ಊಟ ಬಟ್ಟೆಗೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಅಕ್ಷರದಲ್ಲಿ. ಸೊಲ್ಲಾಪುರ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಅಸಂಖ್ಯ ಮನೆಗಳ ಮಾತು ಕನ್ನಡವಾಗಿದ್ದರೂ ಶಾಲೆಯ ಬಾಗಿಲಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. ಬಾಲಕಿ ಜಯದೇವಿ ಕಲಿತದ್ದು ಮರಾಠಿಯನ್ನು. ಅದೂ ಹೆಚ್ಚು ಕಾಲ ನಡೆಯಲಿಲ್ಲ. ಹೆಣ್ಣುಮಕ್ಕಳ ವಿದ್ಯೆ ಎಂದರೆ ಕಾಗದ ಓದಲು ಬಂದರೆ ಸಾಕು ಎಂದು ಎಣಿಸುತ್ತಿದ್ದ ಕಾಲವದು. ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ ಅವರು ಲಿಗಾಡೆ ಮನೆತನದ ಸೊಸೆಯಾದರು. ತಾಯಿಯ ತೊಡೆಯ ಮೇಲೆ ಕಲಿತ ಭಾಷೆಯಲ್ಲಿ ಒಂದು ಸಾಲನ್ನು ಓದಲೂ ಬರೆಯಲೂ ಬಾರದ ಸ್ಥಿತಿಯಲ್ಲಿ ಅವರ ಶಾಲಾ ವಿದ್ಯಾಭ್ಯಾಸ ಮುಗಿದುಹೋಯಿತು.

ಗಡಿಯ ಈಚೆಗೂ ಪರಿಸ್ಥಿತಿ ಭಿನ್ನವಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. 1948ರವರೆಗೆ ನಮ್ಮ ಮೂರೂ ತಾಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸರಕಾರಿ ಶಾಲೆಗಳ ವಿದ್ಯೆ ಉರ್ದುವಿನಲ್ಲಿ ಸಾಗುತ್ತಿತ್ತು. ಅಲ್ಲಿ ಮರಾಠಿ, ಇಲ್ಲಿ ಉರ್ದು. ಕನ್ನಡದ ಮಗು ಎರಡೂ ಕಡೆ ಹಿಂದಿನ ಸಾಲಿನಲ್ಲಿ. ಎರಡು ಭಾಷೆಗಳೂ ಸಂಪನ್ನವಾದವುಗಳೇ, ಅವುಗಳಲ್ಲಿ ದೋಷವಿಲ್ಲ. ಆದರೆ ಪಾಠ ತಿಳಿಯದೆ ಸುಮ್ಮನೆ ಕುಳಿತ ಮಗುವನ್ನು ದಡ್ಡ ಎಂದು ಕರೆಯುವುದು ಎಲ್ಲ ಕಾಲದಲ್ಲಿಯೂ ಸುಲಭವಾಗಿಯೇ ಇದೆ.

ನಮ್ಮ ಓದುಗರು ಈ ಮಾತಿಗೆ ಸಂತ ಬೆರ್ನದೆತ್ತಳನ್ನು ನೆನೆದಾರು. 1858ರಲ್ಲಿ ಲೂರ್ದಿನ ಗವಿಯಲ್ಲಿ ಮಾತೆಯ ದರ್ಶನವಾದಾಗ ಹದಿನಾಲ್ಕು ವರ್ಷದ ಆ ಹುಡುಗಿಗೆ ಓದು ಬರಹ ಬಾರದು. ಜ್ಞಾನೋಪದೇಶದ ಪುಸ್ತಕ ಫ್ರೆಂಚ್ ಭಾಷೆಯಲ್ಲಿತ್ತು, ಆಕೆಗೆ ತಿಳಿದಿದ್ದುದು ಆ ಬೆಟ್ಟದ ಸೀಮೆಯ ಆಡುನುಡಿ ಮಾತ್ರ. ತಲೆಗೆ ಏನೂ ಹತ್ತದವಳೆಂದು ಎಣಿಸಿಕೊಂಡವಳು ಆಕೆ. ಮಾತೆ ಆಕೆಯೊಡನೆ ಆ ಆಡುನುಡಿಯಲ್ಲಿಯೇ ಮಾತನಾಡಿದಳು. ಮುಂದೆ ಧರ್ಮಭಗಿನಿಯರ ಶಾಲೆಯಲ್ಲಿ ಓದು ಕಲಿತ ಬೆರ್ನದೆತ್ತ ಕೆಲವೇ ವರ್ಷಗಳಲ್ಲಿ ದರ್ಶನಗಳ ವೃತ್ತಾಂತವನ್ನು ತನ್ನ ಕೈಯಾರೆ ಫ್ರೆಂಚಿನಲ್ಲಿ ಬರೆದಳು. ಅಕ್ಷರಗಳನ್ನು ಗುರುತಿಸುವುದರಲ್ಲಿಯೇ ಕಷ್ಟಪಡುವ ಮಕ್ಕಳ ತೊಂದರೆ ಬೇರೆ ಬಗೆಯದು, ಅದಕ್ಕೆ ಬೇರೆ ಬಗೆಯ ಶಿಕ್ಷಣವೇ ಬೇಕು. ಆದರೆ ಇಬ್ಬರಿಗೂ ಅಂಟುವ ಹೆಸರು ಮಾತ್ರ ಒಂದೇ.

ಜಯದೇವಿತಾಯಿಯವರು ಕನ್ನಡ ಓದು ಬರಹವನ್ನು ಕಲಿತದ್ದು ವಿವಾಹದ ಅನಂತರ, ಸ್ವಪ್ರಯತ್ನದಿಂದ. ಸಂಸಾರದ ಹೊಣೆ ಹೊತ್ತ ಗೃಹಿಣಿ ಅಕ್ಷರಮಾಲೆಯಿಂದ ಆರಂಭಿಸುವುದೆಂದರೆ ಸಂಕೋಚದ ಸಂಗತಿ. ಮರಾಠಿ ಬಲ್ಲವರಿಗೆ ಸೊಲ್ಲಾಪುರದಲ್ಲಿ ಯಾವ ಅಡಚಣೆಯೂ ಇರಲಿಲ್ಲ. ಕನ್ನಡವನ್ನು ಅಡುಗೆಮನೆಗೆ ಬಿಟ್ಟುಕೊಟ್ಟು ಮರಾಠಿಯಲ್ಲಿಯೇ ಹೆಸರು ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅಂತೆಯೇ ಮರಾಠಿಯನ್ನು ದ್ವೇಷಿಸಲೂ ಇಲ್ಲ. ಶಾಲೆಯಲ್ಲಿ ಕಲಿತ ಆ ಭಾಷೆಯನ್ನು ಬಳಸಿಕೊಂಡು ಕನ್ನಡದ ವಚನಗಳನ್ನು ಮರಾಠಿಗೆ ತಂದರು. ಬಲವಂತವಾಗಿ ಬಂದ ವಿದ್ಯೆಯನ್ನೂ ಹೀಗೆ ನೆರೆಯವರಿಗೆ ಕಾಣಿಕೆಯಾಗಿ ಹಿಂದಿರುಗಿಸಿದ್ದು ಅವರ ಇಡೀ ಜೀವನದಲ್ಲಿ ನಮಗೆ ಅತ್ಯಂತ ಹಿಡಿಸಿದ ಸಂಗತಿ.

ಅವರ ಮುಖ್ಯ ಕೃತಿ ಸಿದ್ಧರಾಮ ಪುರಾಣ. ನಾಲ್ಕು ಸಾವಿರಕ್ಕೂ ಹೆಚ್ಚು ತ್ರಿಪದಿಗಳಲ್ಲಿ ತಮ್ಮೂರಿನ ಶಿವಯೋಗಿಯ ಚರಿತ್ರೆಯನ್ನು ಹಾಡಿದ ಮಹಾಕಾವ್ಯವದು. ಪಂಡಿತರು ಮೆಚ್ಚುವ ಛಂದಸ್ಸುಗಳು ಎಷ್ಟೋ ಇದ್ದವು. ಅವರು ಆರಿಸಿಕೊಂಡದ್ದು ಬೀಸುವ ಕಲ್ಲಿನ ಮುಂದೆ ನಮ್ಮ ಹೆಣ್ಣುಮಕ್ಕಳು ಹಾಡುತ್ತಾ ಬಂದ ಮೂರು ಸಾಲಿನ ಪದ್ಯವನ್ನು. ಶಾಲೆ ಕಲಿಸದ ಕನ್ನಡವನ್ನು ಉಳಿಸಿದ್ದ ಜಾಗ ಅದೇ ತಾನೆ? ಜೇವರ್ಗಿಯ ಯಾವ ಹಳ್ಳಿಯ ಅಜ್ಜಿಗಾದರೂ ಆ ಧಾಟಿ ಹೊಸದಲ್ಲ.

ತ್ರಿಪದಿಯ ಮಾತು ಬಂದಾಗ ಕ್ರೈಸ್ತರಾದ ನಾವು ಮರೆಯಬಾರದ ಇನ್ನೊಂದು ಹೆಸರುಂಟು. ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಸಂಗ್ರಹಿಸಿ ಪ್ರಕಟಿಸಿದವರು ಪ್ರೊಟೆಸ್ಟಂಟ್ ಸಭೆಯ ಪಾದ್ರಿ ಉತ್ತಂಗಿ ಚನ್ನಪ್ಪನವರು. 1949ರಲ್ಲಿ ನಮ್ಮ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ ಸಮ್ಮೇಳನ ಸೊಲ್ಲಾಪುರದಲ್ಲಿಯೇ ಸೇರಿತು.

ಕರ್ನಾಟಕದ ಏಕೀಕರಣಕ್ಕಾಗಿ ದುಡಿದವರಲ್ಲಿ ಜಯದೇವಿತಾಯಿಯವರೂ ಒಬ್ಬರು. ಸೊಲ್ಲಾಪುರ ಕನ್ನಡ ನಾಡಿಗೆ ಸೇರಬೇಕೆಂಬುದು ಅವರ ಹಂಬಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲಬರ್ಗಾ ಜಿಲ್ಲೆ ಈಚೆಗೆ ಬಂತು, ಸೊಲ್ಲಾಪುರ ಆಚೆಗೆ ಉಳಿಯಿತು. ಅವರ ಮನಸ್ಸಿಗೆ ಎಷ್ಟು ನೋವಾಗಿರಬೇಕೆಂಬುದನ್ನು ಗಡಿಯಲ್ಲಿ ಬಾಳುವವರಿಗೆ ವಿವರಿಸಬೇಕಾಗಿಲ್ಲ.

1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಸಮ್ಮೇಳನಗಳು ಆರಂಭವಾದದ್ದು 1915ರಲ್ಲಿ. ಐವತ್ತೊಂಬತ್ತು ವರ್ಷಗಳಲ್ಲಿ ಆ ಪೀಠವೇರಿದ ಪ್ರಥಮ ಮಹಿಳೆ ಇವರು. ಕನ್ನಡ ಶಾಲೆಯ ಮೆಟ್ಟಿಲನ್ನೇ ತುಳಿಯದ ಹೆಣ್ಣುಮಗಳಿಗೆ, ಅದೂ ಹೊರರಾಜ್ಯದವರಿಗೆ, ಕನ್ನಡದ ಆ ಗೌರವ ಸಂದಿತು. ಎರಡನೆಯ ಮಹಿಳೆಗಾಗಿ ಆ ಪೀಠ ಮತ್ತೆ 2000ದವರೆಗೆ ಕಾಯಿತು. ಆಗ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡರು ಅಧ್ಯಕ್ಷರಾದರು. ನಮ್ಮ ಜಿಲ್ಲೆಯ ಸಾವಳಗಿಯ ಗೀತಾ ನಾಗಭೂಷಣ ಅವರ ಸರದಿ ಬಂದದ್ದು 2010ರಲ್ಲಿ, ಗದುಗಿನಲ್ಲಿ. ಪೂರ್ವಗ್ರಹಗಳು ಒಬ್ಬರ ಸಾಧನೆಯಿಂದ ಒಮ್ಮೆಗೇ ಕರಗುವುದಿಲ್ಲವೆಂಬುದಕ್ಕೆ ಈ ವರ್ಷಗಳ ಅಂತರವೇ ಸಾಕ್ಷಿ.

ಬಾಳಿನ ಕೊನೆಯ ಭಾಗವನ್ನು ಜಯದೇವಿತಾಯಿಯವರು ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಕಳೆದರು. ಸಿದ್ಧರಾಮನೂ ಒಂದು ಕಾಲಕ್ಕೆ ಸೊನ್ನಲಿಗೆಯನ್ನು ಬಿಟ್ಟು ಬಂದದ್ದು ಶರಣರ ಆ ಕಲ್ಯಾಣಕ್ಕೇ. 1986ರಲ್ಲಿ ಅವರು ತೀರಿಕೊಂಡರು. ಸೊಲ್ಲಾಪುರ ಮಹಾರಾಷ್ಟ್ರದಲ್ಲಿಯೇ ಇದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಇಂದಿಗೂ ಕನ್ನಡದಲ್ಲಿ ಕರೆದು ಎಬ್ಬಿಸಿ ಮರಾಠಿ ಶಾಲೆಗೆ ಕಳುಹಿಸುತ್ತಾರೆ.