ಬರ, ಯುದ್ಧದ ಕಾಲದಲ್ಲೂ ಅನ್ನ ನಿಲ್ಲಿಸದ ಶರಣಬಸವೇಶ್ವರರು

ರಾಯಚೂರು: ಹೋಳಿ ಹುಣ್ಣಿಮೆಯಾದ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ದೇವದುರ್ಗ, ಮಾನ್ವಿ ಕಡೆಯಿಂದಲೂ ಭಕ್ತರು ಬಸ್ ಹತ್ತಿ ಹೋಗ್ತಾರೆ. ತೇರು ಎಳೆಯುವ ಮುಂಚೆ ಪರುಷ ಬಟ್ಟಲು ತೋರಿಸಿದಾಗ ಸಾವಿರಾರು ಕೈ ಮುಗಿಯುತ್ತವೆ. ಇಂದು ದೇವರಂತೆ ಪೂಜೆಗೊಳ್ಳುವ ಅವರು ಬದುಕಿದ್ದಾಗ ಜೋಳ ಬಿತ್ತುವ ರೈತ.

1746ರಲ್ಲಿ ಹಳೆ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟು. ತಂದೆ ಮಲಕಪ್ಪ, ತಾಯಿ ಸಂಗಮ್ಮ. ಬೆಳೆದು ನಿಂತ ಜೋಳದ ಹೊಲದಾಗ ಎಲ್ಲರೂ ಕವಣೆ ಬೀಸಿ ಹಕ್ಕಿ ಓಡಿಸಿದರೆ, ಇವರು ಹಕ್ಕಿಗಳಿಗೆ ನೀರಿಟ್ಟು ತಿನ್ನಲು ಬಿಟ್ಟರಂತೆ. ಮಂದಿ ನಕ್ಕರು. ರಾಶಿ ಅಳೆದಾಗ ಕಾಳು ಕಡಿಮೆ ಆಗಿರಲಿಲ್ಲ ಅನ್ನೋದು ಊರೂರಲ್ಲಿ ಹೇಳುವ ಕತೆ.

ಕಾಲ ಮಾತ್ರ ಸುಖದ್ದಾಗಿರಲಿಲ್ಲ. ಇಂಗ್ಲಿಷರು, ನಿಜಾಮ, ಮರಾಠರು ಒಂದಾಗಿ 1790ರಿಂದ 1792ರ ತನಕ ಟಿಪ್ಪು ಮೇಲೆ ಯುದ್ಧ ಮಾಡಿದರು. ನಿಜಾಮನ ಫೌಜು ಕೊಪ್ಪಳ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿತ್ತು. ದಂಡು ಹೋದ ದಾರಿಯಲ್ಲಿ ಕಾಳು, ಮೇವು ಉಳಿಯೋದು ಕಷ್ಟ. ಅದೇ ಹೊತ್ತಿಗೆ 1791-92ರ ಬರ ಬಿತ್ತು. ಹೆಣ ಮಣ್ಣು ಮಾಡುವವರೂ ಇಲ್ಲದೆ ನೆಲದ ತುಂಬ ಬುರುಡೆ ಬಿದ್ದಿದ್ದಕ್ಕೆ ಅದಕ್ಕೆ ತಲೆಬುರುಡೆ ಬರ ಅಂತಲೇ ಹೆಸರು.

ಆಗ ಶರಣಬಸಪ್ಪನವರಿಗೆ ಸುಮಾರು 45 ವರ್ಷ. ಕಾಳು ಇದ್ದವರೂ ಬಾಗಿಲು ಹಾಕಿಕೊಳ್ಳುವಂಥ ಕಾಲ ಅದು. ಇವರು ಮಾತ್ರ ಬರದಲ್ಲೂ ದಾಸೋಹ ನಿಲ್ಲಿಸಲಿಲ್ಲ ಅಂತ ಜನ ಇಂದಿಗೂ ನೆನೆಯುತ್ತಾರೆ. ಬಂದವರ ಜಾತಿ ಕೇಳಲಿಲ್ಲ. ಮೊದಲು ಊಟ, ಆಮೇಲೆ ಮಾತು. ದುಡಿದು ಬೆಳೆಯೋದು ಕಾಯಕ, ಹಂಚಿ ಉಣ್ಣೋದು ದಾಸೋಹ. ಬಸವಣ್ಣನವರ ಈ ದಾರಿಯನ್ನು ಅವರು ಹೊಲದಲ್ಲಿ, ಒಲೆ ಮುಂದೆ ನಡೆಸಿ ತೋರಿಸಿದರು. ಮನೆ ಹಿಡಿದು ನಡೆಸಿದ್ದು ಮಡದಿ ಮಹಾದೇವಿ.

ಮಡದಿ ತೀರಿಕೊಂಡ ಮೇಲೆ ಊರು ಬಿಟ್ಟು ಹೊರಟರು. ಕೊನೆಗೆ ನೆಲೆ ನಿಂತಿದ್ದು ಕಲಬುರಗಿಯಲ್ಲಿ. ದೊಡ್ಡಪ್ಪಗೌಡರು ಜತೆಗೆ ನಿಂತರು. ಅಲ್ಲಿಯೂ ದಾಸೋಹದ ಒಲೆ ಹತ್ತಿತು. 1822ರಲ್ಲಿ ಲಿಂಗೈಕ್ಯರಾದರು. ಒಲೆ ಆರಲಿಲ್ಲ. 200 ವರ್ಷ ದಾಟಿದರೂ ಸಂಸ್ಥಾನದಲ್ಲಿ ದಾಸೋಹ ನಡೆದೇ ಇದೆ.

ಇವತ್ತಿಗೂ ಮಳೆ ಕೈಕೊಟ್ಟರೆ ದೇವದುರ್ಗ, ಮಾನ್ವಿ ಹಳ್ಳಿಗಳಿಂದ ಮಂದಿ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಬಸ್ಸಿಗೆ ಕಾಯುವ ಅವರಿಗೆ ಒಂದು ಹೊತ್ತಿನ ರೊಟ್ಟಿ ಕೊಟ್ಟ ಅಂಗಡಿಯವರು ಶರಣಪ್ಪನ ತೇರಿಗೆ ಹೋಗದಿದ್ದರೂ ನಡೆದೀತು.