ರೌಲ್ ಪ್ರೆಬಿಷ್: ತಕ್ಕಡಿಯ ಓರೆಯನ್ನು ಕಂಡವರು

ತರಗತಿಯಲ್ಲಿ ರಿಕಾರ್ಡೊನ ಬಟ್ಟೆ ಮತ್ತು ದ್ರಾಕ್ಷಾರಸದ ದೃಷ್ಟಾಂತವನ್ನು ವಿವರಿಸುವಾಗಲೆಲ್ಲ ನನಗೆ ಅರ್ಜೆಂಟೈನಾದ ರೌಲ್ ಪ್ರೆಬಿಷ್ ನೆನಪಾಗುತ್ತಾರೆ. ಇಂಗ್ಲೆಂಡು ಬಟ್ಟೆ ನೇಯಲಿ, ಪೋರ್ಚುಗಲ್ ದ್ರಾಕ್ಷಾರಸ ತಯಾರಿಸಲಿ, ವಿನಿಮಯದಿಂದ ಇಬ್ಬರಿಗೂ ಲಾಭವಾದೀತೆಂಬುದು ಆ ಸಿದ್ಧಾಂತದ ಸಾರ. ತಾರುಣ್ಯದಲ್ಲಿ ಪ್ರೆಬಿಷರೂ ಇದನ್ನೇ ನಂಬಿದ್ದರು. ಬ್ಯೂನಸ್ ಐರಿಸ್ ವಿಶ್ವವಿದ್ಯಾನಿಲಯದಲ್ಲಿ ಇದನ್ನೇ ಬೋಧಿಸಿದ್ದರು.

1901ರಲ್ಲಿ ಟುಕುಮಾನ್ ಪಟ್ಟಣದಲ್ಲಿ ಜನಿಸಿದ ಅವರ ಈ ನಂಬಿಕೆಯನ್ನು ಅಲುಗಿಸಿದುದು ಗ್ರಂಥವಲ್ಲ, 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತ. ಗೋಧಿ, ಮಾಂಸಗಳ ಬೆಲೆ ಬಿದ್ದೊಡನೆ ಅವನ್ನೇ ಮಾರಿ ಬಾಳುತ್ತಿದ್ದ ಅವರ ನಾಡು ಕಂಗಾಲಾಯಿತು. 1935ರಲ್ಲಿ ಸ್ಥಾಪನೆಯಾದ ಕೇಂದ್ರ ಬ್ಯಾಂಕನ್ನು ಅವರು ದಕ್ಷತೆಯಿಂದ ನಡೆಸಿದರು. 1943ರಲ್ಲಿ ಸೇನೆ ಅಧಿಕಾರ ಹಿಡಿದಾಗ ಆ ಹುದ್ದೆಯೂ ಹೋಯಿತು.

ಹುದ್ದೆ ಹೋದರೂ ವಿಚಾರ ನಿಲ್ಲಲಿಲ್ಲ. 1949ರಲ್ಲಿ ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಆರ್ಥಿಕ ಆಯೋಗಕ್ಕಾಗಿ ಬರೆದ ವರದಿಯಲ್ಲಿ ಅವರು ಬ್ರಿಟನ್ನಿನ ವ್ಯಾಪಾರದ ಅಂಕಿಗಳನ್ನು ಮುಂದಿಟ್ಟರು. 1870ರ ದಶಕದ ಕೊನೆಯಲ್ಲಿ ಒಂದಿಷ್ಟು ಕಚ್ಚಾವಸ್ತುವಿಗೆ 100 ಪಾಲು ಕೈಗಾರಿಕಾ ಸರಕು ದೊರೆಯುತ್ತಿದ್ದರೆ, 1930ರ ದಶಕದ ಕೊನೆಗೆ ದೊರೆತದ್ದು ಸುಮಾರು 64 ಪಾಲು ಮಾತ್ರ. ಕಾರಣವನ್ನೂ ಅವರು ಹೇಳಿದರು. ಕೈಗಾರಿಕಾ ದೇಶಗಳಲ್ಲಿ ಯಂತ್ರಕೌಶಲ ಹೆಚ್ಚಿದರೆ ಅದರ ಫಲ ಕೂಲಿಯಾಗಿ, ಲಾಭವಾಗಿ ಅಲ್ಲಿಯೇ ಉಳಿಯುತ್ತದೆ. ಬೆಳೆಗಾರ ದೇಶಗಳಲ್ಲಿ ಇಳುವರಿ ಹೆಚ್ಚಿದರೆ ಬೆಲೆ ಇಳಿದು, ಆ ಫಲ ಕೊಳ್ಳುವವನ ಕೈಸೇರುತ್ತದೆ. ಸಾಗಣೆವೆಚ್ಚವನ್ನೂ ಸರಕಿನ ಗುಣದ ಏರಿಕೆಯನ್ನೂ ಎತ್ತಿ ಹಲವರು ಆ ಅಂಕಿಗಳನ್ನು ಆಕ್ಷೇಪಿಸಿದರು. ಆದರೆ ಪ್ರಶ್ನೆಯನ್ನು ಮುಚ್ಚಿಹಾಕಲು ಯಾರಿಂದಲೂ ಆಗಲಿಲ್ಲ.

ಹಿಂದುಳಿದ ದೇಶಗಳು ತಾವೇ ಕೈಗಾರಿಕೆ ಕಟ್ಟಬೇಕೆಂಬುದು ಅವರ ಮದ್ದು. ಅನೇಕ ಸರ್ಕಾರಗಳು ಅದನ್ನು ಅತಿಯಾಗಿ ಸೇವಿಸಿದವು. ಎತ್ತರದ ಸುಂಕದ ಗೋಡೆಯ ಮರೆಯಲ್ಲಿ ದುಬಾರಿಯಾದ, ನಿಶ್ಚೇಷ್ಟ ಉದ್ಯಮಗಳು ಬೆಳೆದುದನ್ನು ಕಂಡು, 1960ರ ದಶಕದ ಮೊದಲಲ್ಲೇ ಸ್ವತಃ ಪ್ರೆಬಿಷರೇ ಎಚ್ಚರಿಸಿದರು. ರಫ್ತಿನ ಕಡೆಗೂ ದೃಷ್ಟಿ ಹರಿಸಬೇಕೆಂದರು. ಅವರ ಬಾಳಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟವಿದು.

1964ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ಜಿನೀವಾದಲ್ಲಿ ಸೇರಿತು. ಅದರ ಪ್ರಥಮ ಮಹಾಕಾರ್ಯದರ್ಶಿ ಇವರೇ. ಎರಡನೆಯ ಅಧಿವೇಶನ 1968ರಲ್ಲಿ ನಮ್ಮ ದೆಹಲಿಯಲ್ಲಿ ನಡೆಯಿತು. ಬಡದೇಶಗಳ ಸರಕಿಗೆ ಸುಂಕದ ರಿಯಾಯಿತಿ ನೀಡುವ ತತ್ತ್ವ ಅಲ್ಲಿ ಒಪ್ಪಿಗೆ ಪಡೆಯಿತು. ಅವರು ಬಯಸಿದ್ದಕ್ಕೆ ಹೋಲಿಸಿದರೆ ಅದು ಅಲ್ಪವೇ.

1986ರಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ಅವರು ಕಣ್ಮುಚ್ಚಿದರು. ಒಮ್ಮೆ ಗುರುಗಳ ಸಿದ್ಧಾಂತವನ್ನೂ ಮತ್ತೊಮ್ಮೆ ತಮ್ಮದೇ ಸಿದ್ಧಾಂತವನ್ನೂ ಅನುಭವದ ಒರೆಗಲ್ಲಿಗೆ ಹಚ್ಚಿದವರು ಅವರು. ಆದುದರಿಂದಲೇ ರಿಕಾರ್ಡೊನ ಪಾಠ ಮುಗಿದ ಮರುದಿನ ನಾನು ತಪ್ಪದೆ ಪ್ರೆಬಿಷರ ಪಾಠವನ್ನು ಆರಂಭಿಸುತ್ತೇನೆ.